ಇನ್ನೂರಿಪ್ಪತ್ತೇಳನೆಯ ಪುಟ

ಬುಧವಾರ ಮಧ್ಯಾಹ್ನ ಹಳೆಯ ಬೈಬಲ್ ಹೊಸ ರಟ್ಟು ತೊಟ್ಟು ಮನೆಗೆ ಬಂತು. ಕೊಲುಂಬಾ ಚಾಂಬೊ ಕೈ ತೊಳೆದು ಒರೆಸಿಕೊಂಡ, ಮೇಜಿನ ಮೇಲೆ ಟವೆಲ್ ಹಾಸಿದ, ಅದರ ಮೇಲೆ ಪುಸ್ತಕವಿಟ್ಟು ಮೊದಲ ಪುಟದಿಂದ ಎಣಿಸಲು ಕೂತ.

ಹೆಂಡತಿ ಎಡಿತಾ ಬಾಗಿಲಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. "ರೀ, ಕೊಟ್ಟಿದ್ದು ನಿಮ್ಮ ಸೋದರಮಾವನ ಮಗನ ಕೈಗೆ. ದಾರೀಲಿ ಹೋಗೋರ ಕೈಗಲ್ಲ," ಎಂದಳು.

"ಯಾರ ಕೈಗೆ ಕೊಟ್ಟರೂ ಎಣಿಸಿಯೇ ತಗೋಬೇಕು."

"ನನ್ನನ್ನ ತವರಿಂದ ಕರ್ಕೊಂಡು ಬರುವಾಗ್ಲೂ ಬೆರಳು ಎಣಿಸಿದ್ರೇನೋ."

"ಹತ್ತಿದ್ವು," ಎಂದ ಕೊಲುಂಬಾ, ತಲೆ ಎತ್ತದೆ.

ಸ್ವಾಹಿಲಿ ನಾಡಿನ ಮುಹೇಜಾ ರೈಲು ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು ಅವನು. ಟಾಂಗಾದಿಂದ ಬಂದ ಪ್ರತಿ ಪೆಟ್ಟಿಗೆಯ ಹಗ್ಗ ಎಳೆದು ನೋಡುತ್ತಿದ್ದ. ಅರಗಿನ ಮುದ್ರೆಯನ್ನು ಉಗುರಿನಿಂದ ಮುಟ್ಟುತ್ತಿದ್ದ. ಗೋಣಿಯ ಬಾಯಲ್ಲಿ ದಾರದ ಬಣ್ಣ ಒಂದು ಕಡೆ ಹೊಸದಾಗಿ, ಇನ್ನೊಂದು ಕಡೆ ಹಳೆಯದಾಗಿ ಕಂಡರೆ ಸ್ಟೇಷನ್ ಮಾಸ್ತರರನ್ನು ಕರೆಸುತ್ತಿದ್ದ. ಭಾನುವಾರಗಳಂದು ಚರ್ಚಿನಲ್ಲಿ ಉಪದೇಶಿ. ಮಕ್ಕಳಿಗೆ ಪಾಠ ಹೇಳುವುದು, ಪಾದ್ರಿ ಬರದ ದಿನ ಪ್ರಾರ್ಥನೆ ನಡೆಸುವುದು ಅವನ ಕೆಲಸ. ಎರಡೂ ಕಸುಬು ಸೇರಿಸಿ ಊರು ಅವನಿಗೆ 'ಮುದ್ರೆ ಮೇಷ್ಟ್ರು' ಎಂದು ಹೆಸರಿಟ್ಟಿತ್ತು. ಕೆಲಸದಿಂದ ನಿವೃತ್ತನಾದ ಮೇಲೂ ಆ ಹೆಸರು ಹೋಗಲಿಲ್ಲ. ಅದಕ್ಕೆ ಕಾರಣವೂ ಇತ್ತು. ಮಕ್ಕಳ ಪಾಠದ ಮೊದಲ ದಿನ ಅವನು ಬೈಬಲ್ ಎತ್ತಿ ಹಿಡಿದು ಪ್ರತಿವರ್ಷವೂ ಒಂದೇ ಮಾತು ಹೇಳುತ್ತಿದ್ದ: "ಇದು ಮುದ್ರೆ ಒಡೆಯದ ಪಾರ್ಸೆಲ್. ಕಳಿಸಿದವನು ಏನು ಕಳಿಸಿದನೋ ಅದೇ ನಮ್ಮ ಕೈಗೆ ಬಂದಿದೆ. ಮಧ್ಯೆ ಯಾರೂ ಕೈ ಹಾಕಿಲ್ಲ."

ಮುಹೇಜಾದಲ್ಲಿ ಆ ಮಾತು ಸುಮ್ಮನೆ ಹೇಳುವಂಥದ್ದಲ್ಲ. ಒಂದೇ ಮನೆತನದಲ್ಲಿ ಅರ್ಧ ಜನ ಚರ್ಚಿಗೆ, ಅರ್ಧ ಜನ ಮಸೀದಿಗೆ ಹೋಗುವ ಊರು ಅದು. ನಿಲ್ದಾಣದ ಪಕ್ಕದ ಮಾವಿನ ಮರದ ಕೆಳಗೆ, ಕಾಫಿ ಮಾರುವವನ ಬೆಂಚಿನ ಮೇಲೆ, ಕೊಲುಂಬಾ ಮತ್ತು ಅವನ ಸೋದರಮಾವನ ಮಗ ಅತುಮಾನಿ ದಿನಾ ಸಂಜೆ ಇದೇ ಜಗಳ ಆಡುತ್ತಿದ್ದರು. ಅತುಮಾನಿ ಚರ್ಮದ ಕೆಲಸದವನು. ಪುಸ್ತಕಕ್ಕೆ ರಟ್ಟು ಕಟ್ಟುವವನು.

"ಮೋಶೆಯ ತೌರಾತ್ ನಮ್ಮದೂ ಹೌದು, ಯೇಸುವಿನ ಇಂಜೀಲ್ ನಮ್ಮದೂ ಹೌದು, ನೀವು ಯೇಸು ಅನ್ನೋ ಈಸಾ ನಮ್ಮ ಪ್ರವಾದಿಯೂ ಹೌದು," ಎನ್ನುತ್ತಿದ್ದ ಅತುಮಾನಿ. "ಅಲ್ಲಾ ಕೊಟ್ಟಿದ್ದನ್ನ ನೀವು ನಡುವೆ ಕೈಯಾಡಿಸಿ ಕೆಡಿಸಿಟ್ರಿ. ನಮ್ಮ ತಕರಾರು ಅಷ್ಟೇ, ಭಾವ."

"ಕೆಟ್ಟಿದೆ ಅಂತೀಯ. ಮತ್ತೆ ನಿಮ್ಮ ಪ್ರವಾದಿ ಬರ್ತಾರೆ ಅನ್ನೋದಕ್ಕೆ ಸಾಕ್ಷಿ ಬೇಕಾದಾಗ ಇದೇ ಪುಸ್ತಕದ ಬಾಗಿಲಿಗೆ ಯಾಕೆ ಬರ್ತೀಯ? ಕೆಟ್ಟ ಹಾಲಲ್ಲಿ ಕೆನೆ ಮಾತ್ರ ಚೆನ್ನಾಗಿರುತ್ತಾ?"

"ಕಳ್ಳ ಎಷ್ಟೇ ದೋಚಿದ್ರೂ ಒಂದೆರಡು ಪಾತ್ರೆ ಬಿಟ್ಟು ಹೋಗಿರ್ತಾನೆ."

"ಕಳ್ಳ ಯಾರು?"

"ಕಾಫಿ ಕುಡಿ, ಆರಿಹೋಗುತ್ತೆ."

ಜಗಳ ಅಲ್ಲಿಗೆ ನಿಲ್ಲುತ್ತಿತ್ತು. ಆದರೆ ಮನೆಗೆ ನಡೆದು ಹೋಗುವಾಗ ಕೊಲುಂಬಾನ ಮನಸ್ಸು ನಿಲ್ಲುತ್ತಿರಲಿಲ್ಲ. ಮುಸ್ಲಿಮರು ಬೇರೆ ದೇವರ ಮಾತು ಹೇಳಿದ್ದರೆ ಅವನಿಗೆ ಅಷ್ಟು ಕಸಿವಿಸಿ ಆಗುತ್ತಿರಲಿಲ್ಲ. ಅವರು ಹೇಳುತ್ತಿದ್ದದ್ದು ಅವನದೇ ಅಬ್ರಹಾಮನ ಮಾತು, ಅವನದೇ ಮೋಶೆಯ ಮಾತು. ಯಾರೋ ಬಂದು ನಮ್ಮ ಮನೆಯ ಹಳೆಯ ಪತ್ರಗಳನ್ನು ಮುಂದಿಟ್ಟುಕೊಂಡು, 'ನಿಮ್ಮಪ್ಪ ಉಯಿಲಿನಲ್ಲಿ ನನ್ನ ಹೆಸರನ್ನೇ ಬರೆದಿದ್ದ, ನೀವು ಅಳಿಸಿಹಾಕಿದಿರಿ' ಎಂದರೆ ಹೇಗಿರುತ್ತದೋ ಹಾಗೆ. ಆ ಉಯಿಲಿನ ಸಾಲು ಎಲ್ಲಿದೆ ಎಂಬುದೂ ಊರಿಗೆಲ್ಲ ಗೊತ್ತು. ಬೈಬಲಿನ ಧರ್ಮೋಪದೇಶಕಾಂಡ, ಹದಿನೆಂಟನೆಯ ಅಧ್ಯಾಯ. ಮೋಶೆಯಂಥ ಇನ್ನೊಬ್ಬ ಪ್ರವಾದಿಯನ್ನು ಸಹೋದರರ ನಡುವಿನಿಂದ ಎಬ್ಬಿಸುತ್ತೇನೆ ಎಂದು ದೇವರು ಮಾತು ಕೊಟ್ಟ ಜಾಗ. ಯಾವ ಸಹೋದರರು? ಇಸ್ರೇಲಿನ ಮಕ್ಕಳೇ ಎನ್ನುತ್ತದೆ ಚರ್ಚು, ಬಂದವನು ಯೇಸು. ಅಬ್ರಹಾಮನ ಇನ್ನೊಬ್ಬ ಮಗ ಇಸ್ಮಾಯಿಲನ ಮಕ್ಕಳು ಎನ್ನುತ್ತದೆ ಮಸೀದಿ, ಬಂದವರು ಮುಹಮ್ಮದರು.

ಶನಿವಾರ ಫುಟ್‌ಬಾಲ್ ಮೈದಾನದಲ್ಲಿ ಚರ್ಚಿನವರಿಗೂ ಮಸೀದಿಯವರಿಗೂ ವಾದಸಭೆ ಇತ್ತು. ಟಾಂಗಾದ ಉಸ್ತಾದ್ ನಸೋರೊ ಬರುವವನಿದ್ದ. ಅವನು ಬೈಬಲ್ ಹಿಡಿದೇ ಕ್ರೈಸ್ತರನ್ನು ಕಟ್ಟಿಹಾಕುವವನು ಎಂದು ಹೆಸರಾಗಿದ್ದ. ಹೋದ ವರ್ಷ ಕೊರೊಗ್ವೆಯಲ್ಲಿ ಹೊಸ ಮುದ್ರಣದ ಬೈಬಲ್ ಎತ್ತಿ, "ಇವರು ನಾಲ್ಕು ವರ್ಷಕ್ಕೊಮ್ಮೆ ದೇವರ ಮಾತು ತಿದ್ದುತ್ತಾರೆ. ಧೈರ್ಯ ಇದ್ದರೆ ಹಳೆಯದೊಂದು ತನ್ನಿ," ಎಂದು ಸವಾಲು ಹಾಕಿ ಹೋಗಿದ್ದ. ಅದಕ್ಕೇ ಚರ್ಚಿನ ಹಿರಿಯ ಹಿಲಾರಿ, ಕೊಲುಂಬಾನ ಅಪ್ಪನ ಬೈಬಲ್ ಬೇಕೆಂದು ಕೇಳಿದ್ದ. ಅಪ್ಪ ದಾನಿಯೇಲಿಯೂ ಉಪದೇಶಿ. ಅರವತ್ತು ವರ್ಷದ ಹಿಂದಿನ ದಪ್ಪ ಪುಸ್ತಕ ಅದು. ಅಪ್ಪ ಸತ್ತ ಮೇಲೆ ಹನ್ನೊಂದು ವರ್ಷ ಅಕ್ಕ ಫೆಲಿಸ್ತಾಳ ಮನೆಯಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಬೆನ್ನು ಮುರಿದು ಹಾಳೆಗಳೆಲ್ಲ ಸಡಿಲವಾಗಿದ್ದರಿಂದ ಕೊಲುಂಬಾ ಅದನ್ನು ಸರಿಯಾಗಿ ತೆರೆದೂ ನೋಡದೆ ಅತುಮಾನಿಗೆ ಕೊಟ್ಟಿದ್ದ.

ಆ ಕಡೆಯ ವಾದಸಭೆಗೆ ಒಂದು ಕಟ್ಟಳೆಯಿದೆ. ಮಾತು ಶುರುವಾಗುವ ಮುಂಚೆ ಎರಡೂ ಪಕ್ಷದ ಓದುಗರು ತಮ್ಮ ಪುಸ್ತಕವನ್ನು ತಲೆಯ ಮೇಲಕ್ಕೆ ಎತ್ತಿ, 'ಇದು ಪೂರ್ತಿಯಾಗಿದೆ, ಇದರಲ್ಲಿ ಏನೂ ಕಳೆದಿಲ್ಲ' ಎಂದು ಜನರೆದುರು ಹೇಳಬೇಕು. ಈ ಸಲ ಹಾಗೆ ಹೇಳಬೇಕಾದವನು ಕೊಲುಂಬಾ.

ಇನ್ನೂರಿಪ್ಪತ್ತಾರು. ಅದರ ಎದುರಿಗೆ ಇನ್ನೂರಿಪ್ಪತ್ತೊಂಬತ್ತು.

ಅವನು ಹಿಂದಕ್ಕೆ ತಿರುವಿ ಮತ್ತೆ ಎಣಿಸಿದ. ಧರ್ಮೋಪದೇಶಕಾಂಡದ ಹದಿನೇಳನೆಯ ಅಧ್ಯಾಯ ಅರ್ಧಕ್ಕೆ ನಿಂತು, ಹತ್ತೊಂಬತ್ತನೆಯದು ಅರ್ಧದಿಂದ ಶುರುವಾಗುತ್ತಿತ್ತು. ಹೊಲಿಗೆಯ ಬುಡದಲ್ಲಿ ಬೆರಳಗಲದ ಅಂಚು ಉಳಿದಿತ್ತು. ಹರಿದದ್ದಲ್ಲ, ಚೂರಿಯಿಂದ ಕುಯ್ದದ್ದು.

ಇಡೀ ಪುಸ್ತಕದಲ್ಲಿ ಹೋಗಿದ್ದು ಆ ಒಂದೇ ಹಾಳೆ.

ಮರುದಿನ ಬೆಳಿಗ್ಗೆ ಅವನು ಅತುಮಾನಿಯ ಅಂಗಡಿಗೆ ಹೋದ. ಮಾರುಕಟ್ಟೆಯ ಹಿಂದಿನ ಓಣಿ. ಒಳಗೆ ಗೋಂದು ಮತ್ತು ಹಸಿ ಚರ್ಮದ ವಾಸನೆ. ಮೇಲಿನ ಹಲಗೆಯ ಮೇಲೆ ಕುರಾನ್‌ಗಳು, ನಡುವೆ ಚರ್ಚಿನ ಹಾಡಿನ ಪುಸ್ತಕಗಳು, ಕೆಳಗೆ ಕೋರ್ಟಿನ ರಿಜಿಸ್ಟರುಗಳು.

"ಬಾ ಭಾವ. ಎಣಿಸಿ ಆಯ್ತಾ? ಎಷ್ಟು ಜನ ಪ್ರವಾದಿಗಳು ಓಡಿಹೋಗಿದ್ದಾರೆ?"

ಕೊಲುಂಬಾ ನಗಲಿಲ್ಲ. ಪುಸ್ತಕ ತೆರೆದು ಕುಯ್ದ ಅಂಚಿನ ಮೇಲೆ ಬೆರಳಿಟ್ಟ. "ಇನ್ನೂರಿಪ್ಪತ್ತೇಳು ಎಲ್ಲಿ?"

ಅತುಮಾನಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಕೊಲುಂಬಾನೊಳಗಿನ ಪಾರ್ಸೆಲ್ ಗುಮಾಸ್ತ ಅವನ ಮುಖವನ್ನೇ ನೋಡುತ್ತಿದ್ದ. ಆ ಮುಖದಲ್ಲಿ ಆಶ್ಚರ್ಯ ಇರಲಿಲ್ಲ.

"ಇಲ್ಲಿಗೆ ಬಂದಾಗಲೇ ಇರಲಿಲ್ಲ," ಎಂದ ಅತುಮಾನಿ.

"ಅಂದ್ರೆ ನಿನಗೆ ಗೊತ್ತಿತ್ತು."

"ಹೊಲಿಯೋನಿಗೆ ಗೊತ್ತಾಗದೆ ಇರುತ್ತಾ?"

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ನೀನು ಕೇಳಲಿಲ್ಲ."

"ಸೋಮವಾರ ಉಸ್ತಾದ್ ನಸೋರೊ ಇಲ್ಲಿಗೆ ಬಂದಿದ್ದನಂತೆ."

"ಮೈದಾನ ನೋಡೋಕೆ ಬಂದಿದ್ದ. ಅವನ ಬೈಬಲ್ಲಿನ ಬೆನ್ನೂ ಮುರಿದಿತ್ತು. ನಿಮ್ಮ ಜನಕ್ಕಿಂತ ಜಾಸ್ತಿ ತೆರೀತಾನೆ, ಮುರೀದೆ ಇರುತ್ತಾ?"

"ಎರಡೂ ಪುಸ್ತಕ ಒಂದೇ ಮೇಜಿನ ಮೇಲಿದ್ವು."

"ಇದ್ವು. ಜಗಳವೇನೂ ಆಡಲಿಲ್ಲ."

"ತಮಾಷೆ ಬೇಡ, ಅತುಮಾನಿ."

ಅತುಮಾನಿ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದ. "ಕುಯ್ದ ಅಂಚಿನ ಬಣ್ಣ ನೋಡು. ಉಳಿದ ಹಾಳೆಗಳಷ್ಟೇ ಕಂದು. ಹೊಸ ಗಾಯ ಬೆಳ್ಳಗಿರುತ್ತೆ. ಇದನ್ನ ನಾನು ನಿನಗೆ ಹೇಳಿಕೊಡಬೇಕಾ?"

ಕೊಲುಂಬಾಗೆ ಅದು ಕಂಡಿತ್ತು. ಕಂಡದ್ದನ್ನು ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. "ಚಹಾದಲ್ಲಿ ಅದ್ದಿದರೆ ಯಾವ ಅಂಚಾದರೂ ಕಂದಾಗುತ್ತೆ," ಎಂದ.

ಅತುಮಾನಿ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟ. "ಈ ಮಾತು ನೀನು ಆಡಬಾರದಿತ್ತು ಭಾವ."

"ಹಾಗಾದರೆ ಕುಯ್ದವರು ಯಾರು, ಹೇಳು."

"ಹೇಳೋಕೆ ಆಗಲ್ಲ. ಅಪ್ಪನಿಗೆ ಮಾತು ಕೊಟ್ಟಿದ್ದೀನಿ."

ಅತುಮಾನಿಯ ಅಪ್ಪ ಮ್ವಿಂಜುಮಾ ಸತ್ತು ಇಪ್ಪತ್ತು ವರ್ಷವಾಗಿತ್ತು. ಆತ ಕೊಲುಂಬಾನ ತಾಯಿಯ ಅಣ್ಣ. ಚಪ್ಪಲಿ, ಕುರಾನಿನ ಹೊದಿಕೆ, ತಾಯಿತದ ಚೀಲ ಹೊಲಿಯುತ್ತಿದ್ದವನು. ಮುಸ್ಲಿಂ ಮನೆಯ ಮಗಳಾದ ತಂಗಿ ದಾನಿಯೇಲಿಯನ್ನು ಕಟ್ಟಿಕೊಂಡು ದೀಕ್ಷಾಸ್ನಾನ ಮಾಡಿಸಿಕೊಂಡ ಮೇಲೂ ಅವನು ತಂಗಿಯ ಮನೆಗೆ ಬರುವುದು ಬಿಟ್ಟಿರಲಿಲ್ಲ. ತಾನು ಕೂಸಾಗಿದ್ದ ಕಾಲದಲ್ಲಿ ಭಾನುವಾರ ಊಟವಾದ ಮೇಲೆ ಅಪ್ಪ ಮತ್ತು ಮಾವ ಚಾಪೆಯ ಮೇಲೆ ಕೂತು ವಾದ ಮಾಡುತ್ತಿದ್ದರು ಎಂದು ಕೊಲುಂಬಾ ಕೇಳಿ ಬಲ್ಲ. ಯಾವ ಪುಟದ ಮೇಲೆ ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ.

"ಅಂದ್ರೆ ಮಾವನ ಕೆಲಸ."

"ನಾನು ಹಾಗಂದೆನಾ?"

"ಕೆಡಿಸಿದ್ರು, ಕೆಡಿಸಿದ್ರು ಅಂತ ಹುಟ್ಟಿದಾಗಿನಿಂದ ಹಾಡ್ತಿದ್ದೀರಿ. ಕೆಡಿಸಿದ್ದು ಯಾರು ಅಂತ ಶನಿವಾರ ಊರಿಗೇ ಗೊತ್ತಾಗುತ್ತೆ."

ಅತುಮಾನಿ ಕಿಟಕಿಯ ಕಡೆಗೆ ತಿರುಗಿ ಕೂತ. ಅರ್ಧ ಹೊಲಿದಿದ್ದ ಚಪ್ಪಲಿಯನ್ನು ಎತ್ತಿಕೊಂಡ. ಸೂಜಿ ಎರಡು ಸಲ ತೂತು ತಪ್ಪಿತು. ಸಿಟ್ಟಿನಿಂದಲೋ ತಪ್ಪಿನ ಅಳುಕಿನಿಂದಲೋ ಎಂದು ಕೊಲುಂಬಾ ದಾರಿಯುದ್ದಕ್ಕೂ ಲೆಕ್ಕ ಹಾಕಿದ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಕೊಲುಂಬಾನ ಬಾಯಿಂದಲೇ ಚರ್ಚಿನ ಅಂಗಳ ತಲುಪಿತು. ಹಿಲಾರಿಯ ಸಂತೋಷಕ್ಕೆ ಮಿತಿಯಿರಲಿಲ್ಲ. "ಇದು ದೇವರೇ ಕೈಗೆ ಕೊಟ್ಟಿದ್ದು, ಮೇಷ್ಟ್ರೇ! ನೀವು ಪುಸ್ತಕ ಎತ್ತಿ, ಕುಯ್ದ ಜಾಗ ತೋರಿಸಿ, ಯಾರ ಅಂಗಡಿಯಿಂದ ಬಂತು ಅಂತ ಒಂದು ಮಾತು ಹೇಳಿ ಸಾಕು. ಉಸ್ತಾದ್ ಬಂದ ಬಸ್ಸಲ್ಲೇ ವಾಪಸ್."

ಸಂಜೆಯೊಳಗೆ ಚರ್ಚಿನವರು ಅತುಮಾನಿಯ ಅಂಗಡಿಯಿಂದ ಹಾಡಿನ ಪುಸ್ತಕಗಳನ್ನೆಲ್ಲ ಹೊತ್ತು ತಂದರು, ರಟ್ಟು ಕಟ್ಟದವನ್ನೂ. ನಡುವಿನ ಹಲಗೆ ಖಾಲಿಯಾಯಿತು. ಇನ್ನು ಮುಂದೆ ಅವನ ಕೈಗೆ ಒಂದು ಕಾಗದವನ್ನೂ ಕೊಡಬಾರದು ಎಂದು ಹಿಲಾರಿ ಮನೆಮನೆಗೆ ಹೇಳಿ ಬಂದ. ಅವನಿಗೆ ರಿಜಿಸ್ಟರುಗಳ ಕೆಲಸ ಕೊಡುತ್ತಿದ್ದ ಕೋರ್ಟಿನ ಗುಮಾಸ್ತನೂ ಅದೇ ಚರ್ಚಿನವನು.

ಎಡಿತಾ ಅನ್ನ ಬಡಿಸುತ್ತ ಕೇಳಿದಳು: "ಪುಸ್ತಕ ಹನ್ನೊಂದು ವರ್ಷ ನಿಮ್ಮಕ್ಕನ ಹತ್ರ ಇತ್ತು. ಅವರನ್ನ ಕೇಳಿದ್ರಾ?"

"ಅಕ್ಕ ಯಾಕೆ ಕುಯ್ತಾಳೆ?"

"ಊರವರ ಮೇಲೆಲ್ಲ ಅನುಮಾನ ಪಡೋರು ನಿಮ್ಮ ಮನೆಯವರನ್ನ ಮಾತ್ರ ಯಾಕೆ ಬಿಟ್ಟುಬಿಡ್ತೀರಿ?"

ಕೊಲುಂಬಾ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿ ಕೈ ತೊಳೆದ.

ಶುಕ್ರವಾರ ಬೆಳಿಗ್ಗೆ, ಲಾರಿಯಲ್ಲಿ ಕಿತ್ತಳೆ ಮೂಟೆಗಳ ನಡುವೆ ಕಾಲು ಮಡಚಿಕೊಂಡು, ಅವನು ಬೆಟ್ಟದ ಬುಡದ ಅಕ್ಕನ ಊರಿಗೆ ಹೋದ. ಫೆಲಿಸ್ತಾಗೆ ಅರವತ್ತನಾಲ್ಕು. ಅವಳು ಅಂಗಳದಲ್ಲಿ ಮರಗೆಣಸು ಸುಲಿಯುತ್ತಿದ್ದಳು. ತಮ್ಮ ಹೇಳಿದ್ದನ್ನೆಲ್ಲ ಚೂರಿ ನಿಲ್ಲಿಸದೆ ಕೇಳಿದಳು. ಮಾವನ ಹೆಸರು ಬಂದಾಗ ಮಾತ್ರ ಚೂರಿ ನಿಂತಿತು.

"ಮಾವನ ಹೆಸರನ್ನ ಎಲ್ಲರ ಮುಂದೆ ಹೇಳ್ತೀಯಾ?"

"ಹೇಳಲೇಬೇಕು."

"ಮೂರ್ಖ," ಎಂದಳು ಫೆಲಿಸ್ತಾ. ಎದ್ದು ಒಳಗೆ ಹೋಗಿ ಬಿಸ್ಕತ್ತಿನ ಹಳೆಯ ಡಬ್ಬಿ ತಂದಳು. ಅದರೊಳಗೆ ಅಮ್ಮನ ಜಪದ ಶಿಲುಬೆ, ಎರಡು ಬಳೆ, ಹಲ್ಲು ಮುರಿದ ಬಾಚಣಿಗೆ. ಅವುಗಳ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಚರ್ಮದ ತಾಯಿತ, ಕಪ್ಪು ದಾರದ ಸಮೇತ.

"ಇದೇನು?"

"ನೀನು ಏಳು ವರ್ಷ ಕೊರಳಲ್ಲಿ ಹಾಕ್ಕೊಂಡಿದ್ದಿದ್ದು."

ಕೊಲುಂಬಾ ಕೈ ಹಿಂದಕ್ಕೆ ಎಳೆದುಕೊಂಡ. ತಾಯಿತ ಕಟ್ಟಿದ ಮಕ್ಕಳನ್ನು ಪಾಠದಿಂದ ಮನೆಗೆ ಕಳಿಸಿದವನು ಅವನು. ಒಬ್ಬ ತಾಯಿಯನ್ನು ಆರು ತಿಂಗಳು ಪ್ರಭುಭೋಜನದಿಂದ ದೂರ ಇಡಿಸಿದ್ದ.

ಫೆಲಿಸ್ತಾ ಹೇಳಿದಳು. ಕೊಲುಂಬಾಗಿಂತ ಮುಂಚೆ ಹುಟ್ಟಿದ್ದ ಎರಡು ಮಕ್ಕಳು ಜ್ವರದಲ್ಲಿ ಹೋಗಿದ್ದವು. ಏಳನೆಯ ತಿಂಗಳಲ್ಲಿ ಇವನಿಗೂ ಜ್ವರ ಬಂತು. ಅಪ್ಪ ಬೆಟ್ಟದ ಮೇಲಿನ ಹಳ್ಳಿಗಳಿಗೆ ಉಪದೇಶಕ್ಕೆ ಹೋಗಿದ್ದ. ಅಮ್ಮ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಅಣ್ಣನ ಬಳಿಗೆ ಓಡಿದಳು. ಹನ್ನೆರಡು ವರ್ಷದ ಫೆಲಿಸ್ತಾ ಹಿಂದೆ ಹಿಂದೆ ಓಡಿದಳು.

"ಅಮ್ಮ ಮಾವನ ಕಾಲು ಹಿಡಿದಳು. ಒಂದು ತಾಯಿತ ಕಟ್ಟು ಅಂದಳು. ಮಾವ ಏನಂದ ಗೊತ್ತಾ? 'ಉಪದೇಶಿ ಮಗನ ಕೊರಳಿಗೆ ನಮ್ಮ ಕುರಾನಿನ ಸಾಲು ಕಟ್ಟಿದ್ರೆ ನಾಳೆ ನಿನ್ನ ಗಂಡ ನಾನು ಅವನ ಮಗನನ್ನ ಕದ್ದೆ ಅಂತಾನೆ. ನಾನು ಕಟ್ಟಲ್ಲ. ನಿಮ್ಮ ಪುಸ್ತಕದಿಂದಲೇ ಏನಾದ್ರೂ ತಗೊಂಡು ಬಾ. ನಾನು ಹೊಲಿದು ಕೊಡ್ತೀನಿ.' ಅಮ್ಮ ಮನೆಗೆ ಬಂದು ಚೂರಿ ತಗೊಂಡಳು."

"ಅಮ್ಮನಿಗೆ ಓದೋಕೇ ಬರ್ತಿರಲಿಲ್ಲ!"

"ಬರ್ತಿರಲಿಲ್ಲ. ಆದರೆ ಪುಸ್ತಕ ಎಲ್ಲಿ ತಾನಾಗೇ ತೆರ್ಕೊಳ್ಳುತ್ತೆ ಅಂತ ಗೊತ್ತಿತ್ತು. ಪ್ರತಿ ಭಾನುವಾರ ಅಪ್ಪ ಅದೇ ಪುಟ ಬಡಿದು ನಮ್ಮದು ಅಂತಿದ್ದ, ಮಾವ ಅದೇ ಪುಟ ಬಡಿದು ನಮ್ಮದು ಅಂತಿದ್ದ. ಅಮ್ಮ ಮಜ್ಜಿಗೆ ಕೊಡ್ತಾ ನೋಡಿದ್ದಳು. ಎರಡೂ ಕಡೆಯವರು ಅಷ್ಟು ಕಿತ್ತಾಡ್ತಾರೆ ಅಂದ್ರೆ ಇಡೀ ಪುಸ್ತಕದಲ್ಲಿ ಅದಕ್ಕಿಂತ ಶಕ್ತಿ ಇರೋ ಹಾಳೆ ಇನ್ನೊಂದಿಲ್ಲ ಅಂತ ಅವಳ ಲೆಕ್ಕ."

ಅಂಗಳದ ಕೋಳಿ ಮರಗೆಣಸಿನ ಸಿಪ್ಪೆ ಕೆದಕುತ್ತಿತ್ತು. ಕೊಲುಂಬಾ ಅದನ್ನು ಅಟ್ಟಲಿಲ್ಲ.

"ಅಪ್ಪನಿಗೆ ಗೊತ್ತಾಯ್ತಾ?"

"ಭಾನುವಾರ ಚರ್ಚಿಗೆ ಹೋಗುವಾಗ ನಿನ್ನ ಅಂಗಿ ಗುಂಡಿ ಹಾಕ್ತಿದ್ದಿದ್ದು ಯಾರು?"

ಕೊಲುಂಬಾಗೆ ನೆನಪಿತ್ತು. ಅಪ್ಪನ ಒರಟು ಬೆರಳು ಕತ್ತಿನ ಹತ್ತಿರ ಏನನ್ನೋ ಅಂಗಿಯೊಳಕ್ಕೆ ತಳ್ಳಿ, ಮೇಲಿನ ಗುಂಡಿ ಬಿಗಿಯಾಗಿ ಹಾಕುತ್ತಿದ್ದುದು. ಉಸಿರು ಕಟ್ಟಿದಂತಾಗುತ್ತಿತ್ತು. ಬೇರೆ ಯಾವ ಮಗುವಿಗೂ ಆ ಗುಂಡಿ ಹಾಕುತ್ತಿರಲಿಲ್ಲ.

"ಆಮೇಲೆ ಅಪ್ಪ ಆ ಅಧ್ಯಾಯಾನ ಪುಸ್ತಕ ನೋಡದೆ ಬಾಯಲ್ಲೇ ಹೇಳ್ತಿದ್ದ," ಎಂದಳು ಫೆಲಿಸ್ತಾ. "ಜನ ದೊಡ್ಡ ವಿದ್ವಾಂಸ ಅಂದ್ಕೊಂಡ್ರು."

ಹಿಂದಿರುಗುವ ದಾರಿಯಲ್ಲಿ ಅವನ ಅನುಮಾನ ಕಡಿಮೆಯಾಗಲಿಲ್ಲ, ದಿಕ್ಕು ಬದಲಿಸಿತು ಅಷ್ಟೇ. ಮುದ್ರೆ ಒಡೆಯದ ಪಾರ್ಸೆಲ್ ಎಂಬ ಮಾತನ್ನು ಅವನು ಕಲಿತದ್ದು ಅಪ್ಪನಿಂದ. ಕುಯ್ದ ಪುಸ್ತಕವನ್ನು ಕೈಯಲ್ಲಿ ಹಿಡಿದೇ ಅಪ್ಪ ಆ ಮಾತು ಹೇಳುತ್ತಿದ್ದ. ಇನ್ನು ಅಕ್ಕ? ಹನ್ನೆರಡು ವರ್ಷದಲ್ಲಿ ಕಂಡದ್ದನ್ನು ಅಕ್ಕ ನಂಬಿರಬಹುದು. ಚೀಲದೊಳಗೆ ನಿಜವಾಗಿ ಏನಿದೆ ಎಂದು ಯಾರು ನೋಡಿದ್ದಾರೆ? ಜೇಬಿನಲ್ಲಿದ್ದ ತಾಯಿತವನ್ನು ಅವನು ಬಟ್ಟೆಯ ಮೇಲಿನಿಂದಲೇ ಮತ್ತೆ ಮತ್ತೆ ಮುಟ್ಟಿ ನೋಡಿದ. ಕುಯ್ದು ನೋಡಬಹುದಿತ್ತು. ಆದರೆ ಒಳಗಿನದು ಹರಿದರೆ? ಮಾವನ ಹೊಲಿಗೆಯನ್ನು ಹಾಳೆಗೆ ನೋವಾಗದಂತೆ ಬಿಚ್ಚಬಲ್ಲವನು ಊರಿನಲ್ಲಿ ಒಬ್ಬನೇ.

ಶನಿವಾರ ಬೆಳಿಗ್ಗೆ ಅತುಮಾನಿಯ ಅಂಗಡಿ ತೆರೆದಿತ್ತು. ಗಿರಾಕಿಗಳಿರಲಿಲ್ಲ. ಕೊಲುಂಬಾ ತಾಯಿತವನ್ನು ಮೇಜಿನ ಮೇಲಿಟ್ಟ.

ಅತುಮಾನಿ ಅದನ್ನು ಅಂಗೈಯಲ್ಲಿಟ್ಟು ನೋಡಿದ. "ಅಕ್ಕ ಹೇಳಿದಳಾ?"

"ಹೇಳಿದಳು. ನೀನು ಯಾಕೆ ಹೇಳಲಿಲ್ಲ?"

"ನಿನ್ನಮ್ಮ ನನ್ನಪ್ಪನ ಹತ್ರ ಆಣೆ ಮಾಡಿಸಿಕೊಂಡಿದ್ದಳು. ಗೊತ್ತಾದ್ರೆ ನಿಮ್ಮಪ್ಪನ ಕೆಲಸ ಹೋಗ್ತಿತ್ತು. ಅಪ್ಪ ಸಾಯೋವಾಗ ನನ್ನ ಹತ್ರ ಆಣೆ ಮಾಡಿಸಿದ."

"ಎಲ್ಲರೂ ಸತ್ತ ಮೇಲೂ?"

"ಆಣೆಗೆ ಸಾವು ಎಲ್ಲಿಂದ ಬಂತು, ಭಾವ?"

"ಬಿಚ್ಚು," ಎಂದ ಕೊಲುಂಬಾ. "ನನ್ನ ಕಣ್ಣೆದುರಿಗೆ."

"ಎಣಿಸ್ಕೋ ಬೇಕಿದ್ರೆ, ಕೈಯಲ್ಲಿ ಬೇರೆ ಕಾಗದ ಇಲ್ಲ," ಎಂದು ಅತುಮಾನಿ ಎರಡೂ ಅಂಗೈ ತೋರಿಸಿದ. ತಮಾಷೆಯೇ, ಆದರೆ ಮುಖದಲ್ಲಿ ನಗೆಯಿರಲಿಲ್ಲ.

ಚರ್ಮಕ್ಕೆ ಎಣ್ಣೆ ಹಚ್ಚಿ, ಮೆತ್ತಗಾದ ಮೇಲೆ ಸೂಜಿಮೊನೆಯಿಂದ ಒಂದೊಂದೇ ಹೊಲಿಗೆ ಬಿಡಿಸಿದ. ನಡುವೆ ಒಮ್ಮೆ ನಿಂತು ಕನ್ನಡಕ ಸರಿಪಡಿಸಿಕೊಂಡ. "ಇದನ್ನ ಎರಡು ಸಲ ಹೊಲಿದಿದೆ."

"ಏನು?"

"ತೂತು ನೋಡು. ಒಂದು ಸಾಲು ತೂತು ಖಾಲಿ ಇದೆ, ಅದರ ಪಕ್ಕ ಇನ್ನೊಂದು ಸಾಲು. ಎರಡೂ ನನ್ನಪ್ಪನ ಕೈಯೇ. ಯಾವಾಗಲೋ ಒಮ್ಮೆ ಬಿಚ್ಚಿ, ನೋಡಿ, ಮತ್ತೆ ಹೊಲಿದಿದ್ದಾನೆ."

"ನೋಡಬೇಕು ಅಂದಿದ್ದು ಯಾರು? ಮಾವನಾ?"

"ಅಥವಾ ನಿಮ್ಮಪ್ಪನಾ? ನನಗೆ ಗೊತ್ತಿಲ್ಲ. ಅಪ್ಪ ಇದನ್ನ ಹೇಳಲಿಲ್ಲ."

ಒಳಗಿನಿಂದ ಹಾಳೆ ಬಂತು. ಹದಿನಾರು ಮಡಿಕೆ, ಮಡಿಕೆಯ ಮೂಲೆಗಳಲ್ಲಿ ಸಣ್ಣ ತೂತು, ಬೆವರಿನ ಕಲೆ. ಅತುಮಾನಿ ಅದನ್ನು ಒದ್ದೆ ಬಟ್ಟೆಯ ಆವಿಯಲ್ಲಿ ಬಿಡಿಸಿ ಹರಡಿದ. ಒಂದು ಬದಿಗೆ ಇನ್ನೂರಿಪ್ಪತ್ತೇಳು, ಇನ್ನೊಂದು ಬದಿಗೆ ಇನ್ನೂರಿಪ್ಪತ್ತೆಂಟು. ಕೊಲುಂಬಾ ಅದರ ಅಂಚನ್ನು ಪುಸ್ತಕದಲ್ಲಿ ಉಳಿದಿದ್ದ ಅಂಚಿಗೆ ಕೂಡಿಸಿ ನೋಡಿದ. ಅಮ್ಮನ ಚೂರಿ ಮಧ್ಯದಲ್ಲಿ ಒಮ್ಮೆ ಜಾರಿತ್ತು. ಎರಡೂ ಅಂಚಿನಲ್ಲಿ ಆ ಡೊಂಕು ಒಂದಕ್ಕೊಂದು ಕೂತಿತು.

"ಅಂಟಿಸೋಕೆ ಹೊತ್ತಿಲ್ಲ. ಗೋಂದು ಒಣಗಲ್ಲ," ಎಂದ ಅತುಮಾನಿ. ಹಾಳೆಯನ್ನು ಅದರ ಜಾಗದಲ್ಲಿ ಬಿಡಿಯಾಗಿ ಇಟ್ಟು ಪುಸ್ತಕ ಮುಚ್ಚಿ ಕೊಟ್ಟ. "ಮಧ್ಯಾಹ್ನ ಏನು ಹೇಳ್ತೀಯಾ?"

ಕೊಲುಂಬಾ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಟ. ಏನು ಹೇಳುವುದೆಂದು ಅವನಿಗೇ ಗೊತ್ತಿರಲಿಲ್ಲ.

ಮೈದಾನದ ಎರಡು ತುದಿಗೆ ಎರಡು ಶಾಮಿಯಾನ. ಹಿಲಾರಿ ಕೊಲುಂಬಾನ ಕಿವಿಯ ಹತ್ತಿರ ಬಾಗಿ, "ಜೋರಾಗಿ ಹೇಳಿ ಮೇಷ್ಟ್ರೇ, ಅತುಮಾನಿ ಎದುರಿಗೇ ನಿಂತಿದ್ದಾನೆ," ಎಂದ. ಹೌದು, ಅತುಮಾನಿ ಗೋಲಿನ ಕಂಬಕ್ಕೆ ಒರಗಿ ನಿಂತಿದ್ದ.

ಉಸ್ತಾದ್ ನಸೋರೊನ ಓದುಗ ತನ್ನ ಪುಸ್ತಕ ಎತ್ತಿ ಹೇಳಬೇಕಾದದ್ದನ್ನು ಹೇಳಿದ. ಕೊಲುಂಬಾನ ಸರದಿ. ಅವನು ಅಪ್ಪನ ಬೈಬಲನ್ನು ಎತ್ತಿದ. 'ಪೂರ್ತಿಯಾಗಿದೆ' ಎಂದರೆ ಸುಳ್ಳಲ್ಲ. ಹಾಳೆ ಒಳಗೇ ಇತ್ತು. 'ಏನೂ ಕಳೆದಿಲ್ಲ' ಎಂದರೆ ಸುಳ್ಳು. ಸುಮ್ಮನಿದ್ದು ಕೂತರೆ ಊರಿನ ಬಾಯಲ್ಲಿ ಅತುಮಾನಿ ಕಳ್ಳನಾಗಿಯೇ ಉಳಿಯುತ್ತಾನೆ. ಗುರುವಾರ ಅವನನ್ನು ಕಳ್ಳ ಮಾಡಿದ್ದು ತಾನೇ.

"ಇದರಲ್ಲಿ ಒಂದು ಹಾಳೆ ಕಳೆದಿತ್ತು," ಎಂದ ಕೊಲುಂಬಾ ಮೈಕಿನಲ್ಲಿ. "ಐವತ್ತೆರಡು ವರ್ಷ ಇರಲಿಲ್ಲ. ಅತುಮಾನಿ ತೆಗೆದ ಅಂತ ನಾನು ಹೇಳಿದ್ದೆ. ಅದು ಸುಳ್ಳು. ತೆಗೆದಿದ್ದು ನಮ್ಮಮ್ಮ. ನನಗೆ ಜ್ವರ ಬಂದಿತ್ತು. ಆ ಹಾಳೆ ತಾಯಿತವಾಗಿ ನನ್ನ ಕೊರಳಲ್ಲಿತ್ತು. ಇವತ್ತು ಬೆಳಿಗ್ಗೆ ವಾಪಸ್ ಬಂದಿದೆ."

ಆ ತುದಿಯ, ಮಸೀದಿಯವರ ಶಾಮಿಯಾನದಲ್ಲಿ ನಗೆ, ಚಪ್ಪಾಳೆ.

"ಕೇಳಿದಿರಾ!" ಎಂದ ಉಸ್ತಾದ್. "ಅವರ ಬಾಯಿಂದಲೇ ಬಂತು! ಮೇಷ್ಟ್ರೇ, ಒಂದು ಹಾಳೆ ಕುಯ್ದದ್ದು ನಿಮ್ಮಮ್ಮ. ಉಳಿದ ಹಾಳೆಗಳನ್ನ ಯಾರ್ಯಾರ ಅಮ್ಮಂದಿರು ಕುಯ್ದರು?"

"ಕೇಳಬೇಕಾದ ಪ್ರಶ್ನೆಯೇ," ಎಂದ ಕೊಲುಂಬಾ. "ಹಾಳೆ ಹೋಗಿದ್ದು ನಿಜ. ಮಾತು ಬದಲಾಗಿದೆಯಾ ಅಂತ ನೋಡೋಣ. ನಿಮ್ಮ ಬೈಬಲ್ ತೆಗೀರಿ. ಅದೂ ಅತುಮಾನಿ ಕಟ್ಟಿದ್ದೇ. ಐವತ್ತೆರಡು ವರ್ಷ ಮುಸ್ಲಿಮನ ಹೊಲಿಗೆ ಒಳಗಿದ್ದ ಹಾಳೆ ಇದು. ಯಾವ ಪಾದ್ರಿಯೂ ಮುಟ್ಟಿಲ್ಲ. ನಾನೊಂದು ಸಾಲು ಓದ್ತೀನಿ, ಅದೇ ಸಾಲನ್ನ ನೀವು ನಿಮ್ಮದರಲ್ಲಿ ಓದಿ."

ಉಸ್ತಾದ್ ಹಿಂಜರಿದ. ಜನ ಕೂಗಿದರು. ಇಬ್ಬರೂ ಓದಿದರು. ಮೂರನೆಯ ಸಾಲಿನಲ್ಲಿ ಉಸ್ತಾದ್ ಕೈ ಎತ್ತಿದ: "ನೋಡಿ, ಪದ ಬೇರೆ!"

"ಅದು ಹಳೇ ಸ್ವಾಹಿಲಿ ಕಣಪ್ಪಾ," ಎಂದು ಅವನದೇ ಕಡೆಯ ಟೋಪಿ ಹಾಕಿದ ಮುದುಕನೊಬ್ಬ ಕೂಗಿದ. "ನಮ್ಮಜ್ಜಿ ಹಾಗೇ ಮಾತಾಡ್ತಿದ್ದಳು!" ಎರಡೂ ಶಾಮಿಯಾನ ನಕ್ಕವು.

ಪ್ರವಾದಿಯ ಸಾಲು ಬಂತು. ಎರಡೂ ಪುಸ್ತಕದಲ್ಲಿ ಅದೇ ಪ್ರವಾದಿ, ಅದೇ ಸಹೋದರರು. ಯಾವ ಸಹೋದರರು ಎಂಬ ಪ್ರಶ್ನೆ ಎಲ್ಲಿತ್ತೋ ಅಲ್ಲೇ ಉಳಿಯಿತು. ಸೂರ್ಯ ಇಳಿಯುವವರೆಗೂ ಅದರ ಮೇಲೆ ವಾದ ನಡೆಯಿತು. ಯಾರೂ ಯಾರನ್ನೂ ಒಪ್ಪಿಸಲಿಲ್ಲ. ಮೈಕ್ ಆರಿಸಿದ ಮೇಲೆ ಉಸ್ತಾದ್ ಹತ್ತಿರ ಬಂದು, ಹಾಳೆಯನ್ನು ಬಗ್ಗಿ ನೋಡಿ, ಮೆಲ್ಲಗೆ ಕೇಳಿದ: "ಇದನ್ನ ಇವತ್ತು ಬೆಳಿಗ್ಗೆ ನೀವೇ ಬೇರೆ ಪುಸ್ತಕದಿಂದ ತಂದು ಇಟ್ಟಿಲ್ಲ ಅಂತ ಏನು ಗ್ಯಾರಂಟಿ, ಮೇಷ್ಟ್ರೇ?"

ಕೊಲುಂಬಾಗೆ ಸಿಟ್ಟು ಬರಲಿಲ್ಲ. ತಾನಾಗಿದ್ದರೂ ಅದನ್ನೇ ಕೇಳುತ್ತಿದ್ದ. ಡೊಂಕಾದ ಎರಡು ಅಂಚುಗಳನ್ನು ಕೂಡಿಸಿ ತೋರಿಸಿದ. ಉಸ್ತಾದ್ ನೋಡಿದ. ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ.

ಮುಂದಿನ ವಾರ ಚರ್ಚಿನ ಸಭೆ ಸೇರಿತು. ಉಪದೇಶಿಯ ಮನೆಯಲ್ಲಿ ತಾಯಿತ ಇತ್ತು ಎಂಬುದನ್ನು ಅನ್ಯರ ಮುಂದೆ ಹೇಳಿ ಸಭೆಗೆ ಅವಮಾನ ಮಾಡಿದ ಎಂದು ಹಿಲಾರಿ ಎದ್ದು ನಿಂತು ಹೇಳಿದ. ಆರು ತಿಂಗಳು ಪಾಠ ಹೇಳುವಂತಿಲ್ಲ, ಪ್ರಭುಭೋಜನವಿಲ್ಲ. ತಾನು ಆ ತಾಯಿಗೆ ಕೊಡಿಸಿದ್ದೂ ಆರೇ ತಿಂಗಳು ಎಂದು ಕೊಲುಂಬಾಗೆ ನೆನಪಿತ್ತು. ಅವನು ತಲೆಯಾಡಿಸಿ ಕೂತ. ಹಾಡಿನ ಪುಸ್ತಕಗಳು ಮಾತ್ರ ಒಂದೊಂದಾಗಿ ಅತುಮಾನಿಯ ನಡುವಿನ ಹಲಗೆಗೆ ಹಿಂದಿರುಗಿದವು. ಬೇರೆ ರಟ್ಟು ಕಟ್ಟುವವನು ಟಾಂಗಾಕ್ಕಿಂತ ಹತ್ತಿರದಲ್ಲಿ ಇರಲಿಲ್ಲ.

ಹಾಳೆಯನ್ನು ಪುಸ್ತಕಕ್ಕೆ ಹೊಲಿಯಲು ಅತುಮಾನಿ ಒಂದು ವಾರ ತೆಗೆದುಕೊಂಡ. ಕೊಲುಂಬಾ ತರಲು ಹೋದಾಗ ಅವನು ಪುಸ್ತಕವನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಒಂದು ಸ್ಟೂಲ್ ಎಳೆದ.

"ಕೂತ್ಕೋ. ಮನೆಗೆ ಹೋಗಿ ಎಣಿಸೋದು ಬೇಡ. ಇಲ್ಲೇ ಎಣಿಸು."

"ಬೇಡ ಬಿಡು."

"ಬೇಡ ಅಂತೀಯ, ಮನೆಗೆ ಹೋಗಿ ಎಣಿಸ್ತೀಯ. ನನಗೆ ನೀನು ಗೊತ್ತಿಲ್ವಾ?"

ಕೊಲುಂಬಾ ಸ್ಟೂಲಿನ ಮೇಲೆ ಕೂತು, ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಮೊದಲ ಪುಟ ತಿರುವಿದ. ಅತುಮಾನಿ ಓಣಿಯ ಕಡೆಗೆ ಕೂಗಿ ಎರಡು ಕಾಫಿಗೆ ಹೇಳಿದ. ಕಾಫಿ ಬಂದಾಗ ಕೊಲುಂಬಾ ನೂರಾ ಹನ್ನೆರಡರಲ್ಲಿದ್ದ, ತಲೆ ಎತ್ತಲಿಲ್ಲ.